ಸೋತ ಅಭ್ಯರ್ಥಿಯ ಬೆನ್ನಿಗೆ ನಿಂತ ವಾರ್ಡು: ಹಾಸನ ಜಿಲ್ಲೆಯ ಒಂದು ಪ್ರಕರಣ

ಹಾಸನ ಜಿಲ್ಲೆಯ ಒಂದು ಪುರಸಭೆ, 23 ವಾರ್ಡುಗಳ ಊರು. ಅದರಲ್ಲಿ ಮಹಿಳೆಗೆ ಮೀಸಲಾಗಿದ್ದ ಒಂದು ವಾರ್ಡು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತಲ್ಲ, ಅವತ್ತು ಈ ವಾರ್ಡಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳು ಪಕ್ಷೇತರರಾಗಿ ನಿಂತಿದ್ದರು. ಸೋತರು. ಆದರೆ ಅವರನ್ನು ನಿಲ್ಲಿಸಿದ ಗುಂಪು ಚದುರಲಿಲ್ಲ. ಆಮೇಲೆ ಎರಡು ವರ್ಷ ವಾರ್ಡಿನ ಸಣ್ಣಪುಟ್ಟ ಕೆಲಸಗಳು ಹೆಚ್ಚುಕಮ್ಮಿ ಆ ಗುಂಪಿನ ಓಡಾಟದಿಂದಲೇ ಆದವು. ಅದು ಹೇಗಾಯಿತು ಅಂತ ಬರೆದಿಡುವುದು ನನ್ನ ಉದ್ದೇಶ.

ಊರಿನ ಹೆಸರು, ವಾರ್ಡಿನ ನಂಬರು, ಜನರ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ಎದುರು ನಿಂತವರೂ ನಮ್ಮ ಬೀದಿಯವರೇ, ದಿನಾ ಮುಖ ನೋಡುವವರು. ನಾನು ಅಲ್ಲೇ ಜೆರಾಕ್ಸ್ ಅಂಗಡಿ ಇಟ್ಟವನು. ಹಾಗಾಗಿ ಗುಂಪಿನಲ್ಲಿ ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂತು.

ಅಕ್ಕ ಯಾರು

ವಾರ್ಡಿನಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುವುದು. ಇಲ್ಲೂ ಹಾಗೇ ಕರೆಯುತ್ತೇನೆ. 2000–01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಸಂಘಗಳನ್ನು ಶುರು ಮಾಡಿದ ಮೇಲೆ ನಮ್ಮ ಕಡೆಯೂ ಸಂಘಗಳು ಹುಟ್ಟಿಕೊಂಡವು. ಅಂಥ ಒಂದು ಸಂಘದ ಪುಸ್ತಕ ಬರೆಯುತ್ತಾ ಅಕ್ಕ ಜನರಿಗೆ ಪರಿಚಯವಾದವರು. ಯಾರದೋ ವಿಧವಾ ವೇತನ ನಿಂತಿದ್ದರೆ ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಹೋಗುತ್ತಿದ್ದರು. ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋಗಿದ್ದರೆ ಅರ್ಜಿ ತುಂಬಿಸಲು ನನ್ನ ಅಂಗಡಿಗೆ ಕರೆತರುತ್ತಿದ್ದರು. ಮೇಲಿನ ಬೀದಿಗೆ ನಲ್ಲಿ ನೀರು ನಡುರಾತ್ರಿ ಬರುತ್ತಿತ್ತು. ನೀರುಗಂಟಿಯ ಜೊತೆ ಕೂತು ಮಾತಾಡಿ, ಯಾವ ಬೀದಿಗೆ ಯಾವಾಗ ವಾಲ್ವ್ ತಿರುಗಿಸಬೇಕು ಅಂತ ಚೀಟಿ ಬರೆಸಿ, ಬೆಳಗಿನ ಹೊತ್ತಿಗೆ ನೀರು ಬರುವ ಹಾಗೆ ಮಾಡಿದ್ದು ಅಕ್ಕನೇ. ಜಗಳ ಆಡಲಿಲ್ಲ. ನೀರುಗಂಟಿಗೆ ಏನು ಕಷ್ಟ ಅಂತ ಮೊದಲು ಕೇಳಿದರು. ಅವರ ಕೆಲಸದ ರೀತಿಯೇ ಅದು.

ವಾರ್ಡು ಮಹಿಳಾ ಮೀಸಲು ಅಂತ ಗೊತ್ತಾದ ದಿನದಿಂದಲೇ ಕೆಲವು ಗಂಡಸರು ಮನೆ ಹೆಂಗಸರ ಆಧಾರ್ ಕಾರ್ಡ್ ಹಿಡಿದು ಓಡಾಡಲು ಶುರು ಮಾಡಿದರು. ನಮ್ಮ ರಾಜ್ಯದ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗಿದೆ. ಅದು ದೊಡ್ಡ ವಿಷಯ. ಆದರೆ ಫ್ಲೆಕ್ಸಿನಲ್ಲಿ ಹೆಂಡತಿಯ ಫೋಟೋ, ಪುರಸಭೆಯಲ್ಲಿ ಗಂಡನ ಮಾತು ಅನ್ನುವ ರೂಢಿ ಎಲ್ಲ ಕಡೆ ಇದೆ. ಸಂಘದ ಹೆಂಗಸರು ಅಕ್ಕನ ಮನೆಗೆ ಹೋಗಿ 'ನೀನೇ ನಿಲ್ಲಕ್ಕ' ಅಂದಾಗ ಅಕ್ಕನ ಗಂಡ ಅಲ್ಲೇ ಇದ್ದರು. ಅವರು ಗೂಡ್ಸ್ ಆಟೋ ಓಡಿಸುತ್ತಾರೆ. ಒಬ್ಬ ಅಜ್ಜಿ ನೇರವಾಗಿ ಅವರನ್ನೇ ಕೇಳಿದರು: 'ಗೆದ್ರೆ ಮೀಟಿಂಗಿಗೆ ಯಾರಪ್ಪ ಹೋಗೋದು?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವಳೇ ಹೋಗ್ಲಿ ಅಜ್ಜಿ. ನನಗೆ ಅಲ್ಲಿ ಏನು ಅರ್ಥ ಆಗುತ್ತೆ' ಅಂದರು. ಆ ಮಾತನ್ನು ಕೊನೆವರೆಗೂ ಉಳಿಸಿಕೊಂಡರು ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರಚಾರದ ಅಷ್ಟೂ ದಿನ ಮನೆಯಲ್ಲಿ ಅಡುಗೆ ಮಾಡಿದ್ದು ಅವರೇ.

ಬಿ ಫಾರಂ ಬೇಕೋ ಬೇಡವೋ

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಗುರುತು ಇರುವುದಿಲ್ಲ. ಪುರಸಭೆಯಲ್ಲಿ ಇರುತ್ತದೆ. ಆಗ ರಾಜ್ಯದಲ್ಲಿ ಜೆಡಿಎಸ್–ಕಾಂಗ್ರೆಸ್ ಸೇರಿ ಸರ್ಕಾರ ನಡೆಸುತ್ತಿದ್ದವು. ಊರಿನ ಚುನಾವಣೆಯಲ್ಲಿ ಮಾತ್ರ ಎರಡೂ ಎದುರು ಬದುರು. ಬಿಜೆಪಿ ಬೇರೆ. ಅಕ್ಕನ ಹೆಸರು ಓಡಾಡುತ್ತಿದ್ದ ಹಾಗೆ ಎರಡು ಪಕ್ಷದವರು ಬಂದು 'ನಮ್ಮ ಬಿ ಫಾರಂ ತಗೊಳ್ಳಿ' ಅಂದರು. ಬಿ ಫಾರಂ ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಬರೆದುಕೊಡುವ ಕಾಗದ.

ಗುಂಪಿನಲ್ಲಿ ಇದರ ಮೇಲೆ ಜೋರು ಮಾತಾಯಿತು. ಪಕ್ಷ ಬೇಕು ಅಂದವರ ವಾದದಲ್ಲಿ ಹುರುಳಿತ್ತು. ಅಧ್ಯಕ್ಷರ ಆಯ್ಕೆಯಲ್ಲಿ ಸದಸ್ಯರ ಜೊತೆ ಶಾಸಕರು, ಸಂಸದರೂ ಓಟು ಹಾಕುತ್ತಾರೆ. ಅನುದಾನ ಮೇಲಿಂದ ಬರಬೇಕು. ಒಂಟಿ ಮೆಂಬರ್ ಮಾತು ಯಾರು ಕೇಳುತ್ತಾರೆ ಅಂತ ಅವರು ಕೇಳಿದರು. ಬೇಡ ಅಂದವರ ಮಾತು ಬೇರೆ. ಸಂಘದಲ್ಲಿ ಮೂರೂ ಪಕ್ಷದ ಮನೆಗಳ ಹೆಂಗಸರಿದ್ದರು. ಅಕ್ಕ ಒಂದು ಬಾವುಟ ಹಿಡಿದ ಕೂಡಲೇ ಉಳಿದ ಮನೆಗಳ ಬಾಗಿಲು ಮುಚ್ಚುತ್ತದೆ, ಚುನಾವಣೆ ಮುಗಿದ ಮೇಲೂ ತೆರೆಯಲ್ಲ ಅಂತ ಅವರಿಗೆ ಭಯ.

ಕೊನೆಗೆ ಪಕ್ಷೇತರ ಅಂತಲೇ ಆಯಿತು. ಇದಕ್ಕೆ ಕೊಟ್ಟ ಬೆಲೆ ದೊಡ್ಡದು, ಮುಂದೆ ಹೇಳುತ್ತೇನೆ. ಆದರೂ ನಿರ್ಧಾರ ಸರಿ ಅಂತಲೇ ಇವತ್ತಿಗೂ ನನ್ನ ಅಭಿಪ್ರಾಯ. ಒಂದು ವಾರ್ಡಿನಲ್ಲಿ ಇರುವುದು ಸಾವಿರದ ಆಸುಪಾಸು ಓಟು. ಅಷ್ಟು ಚಿಕ್ಕ ಜಾಗದಲ್ಲಿ ಎಲ್ಲ ಮನೆಗೂ ಹೋಗಬಲ್ಲ ಒಬ್ಬರು ಇರುವುದೇ ಆಸ್ತಿ. ಅದನ್ನು ಒಂದು ಚುನಾವಣೆಗೋಸ್ಕರ ಕಳೆದುಕೊಳ್ಳಬಾರದು.

ಮತದಾರರ ಪಟ್ಟಿ

ಇಡೀ ಪ್ರಕರಣದಲ್ಲಿ ಯಾವುದು ಮುಖ್ಯ ಕೆಲಸ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಭಾಷಣವಲ್ಲ, ಫ್ಲೆಕ್ಸ್ ಅಲ್ಲ, ಪಟ್ಟಿ.

ಪುರಸಭೆ ಚುನಾವಣೆಗೆ ಪಟ್ಟಿಯನ್ನು ಹೊಸದಾಗಿ ಬರೆಯುವುದಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡುವಾರು ಕತ್ತರಿಸಿ ಜೋಡಿಸುತ್ತಾರೆ. ಗಡಿಯಲ್ಲಿರುವ ಬೀದಿಗಳಿಗೆ ಎಡವಟ್ಟಾಗುವುದು ಇಲ್ಲೇ. ನಮ್ಮಲ್ಲಿ ಒಂದು ಬೀದಿಯ ಎಡಗಡೆ ಮನೆಗಳು ನಮ್ಮ ವಾರ್ಡಿನಲ್ಲಿ, ಬಲಗಡೆಯವು ಪಕ್ಕದ ವಾರ್ಡಿನಲ್ಲಿ ಬಂದಿದ್ದವು. ಗಡಿ ನಕ್ಷೆ ತೆಗೆದು ನೋಡಿದರೆ ಎರಡೂ ಕಡೆ ನಮ್ಮದೇ. ಮೇ ತಿಂಗಳಲ್ಲಷ್ಟೇ ವಿಧಾನಸಭೆಗೆ ಓಟು ಹಾಕಿದ್ದ ಜನ 'ನಮ್ಮ ಹೆಸರು ಇದ್ದೇ ಇರುತ್ತೆ ಬಿಡಿ' ಅಂದುಕೊಂಡು ಸುಮ್ಮನಿದ್ದರು. ಹೆಸರು ಇತ್ತು, ವಾರ್ಡು ಮಾತ್ರ ಬೇರೆ.

ಡಿಗ್ರಿ ಕಾಲೇಜಿಗೆ ಹೋಗುವ ಹುಡುಗಿಯರು ಈ ಕೆಲಸ ಹಿಡಿದರು. ಕರಡು ಪಟ್ಟಿಯ ಜೆರಾಕ್ಸ್ ಹಿಡಿದು ಮನೆ ಮನೆಗೆ ಹೋದರು. ಅಂಗಡಿಯ ಮೆಷಿನ್ ಅದಕ್ಕೆಂದೇ ಓಡಿತು, ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಅದನ್ನೂ ಖರ್ಚಿನ ಲೆಕ್ಕಕ್ಕೆ ಬರೆಯಬೇಕು ಅಂತ ಅಕ್ಕ ಹಠ ಹಿಡಿದರು, ಬರೆದೆವು. ತೀರಿಹೋದವರ ಹೆಸರು ಹಾಗೇ ಇತ್ತು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಹೆಸರೂ ಇತ್ತು. ಆದರೆ ಮದುವೆಯಾಗಿ ನಮ್ಮ ವಾರ್ಡಿಗೆ ಬಂದ ಸೊಸೆಯಂದಿರ ಹೆಸರು ಎಷ್ಟೋ ಮನೆಗಳಲ್ಲಿ ಇರಲೇ ಇಲ್ಲ. ಮಗುವಿಗೆ ಶಾಲೆಗೆ ಹೋಗುವ ವಯಸ್ಸಾಗಿದ್ದರೂ ತಾಯಿಯ ಓಟು ಇನ್ನೂ ತವರಿನಲ್ಲೇ! ಮನೆಯವರಿಗೆ ಅದೊಂದು ವಿಷಯ ಅಂತ ಅನ್ನಿಸಿರಲೇ ಇಲ್ಲ.

ಆಗ ಹೆಸರು ಸೇರಿಸಲು ಫಾರಂ 6, ತೆಗೆಯಲು ಫಾರಂ 7, ತಿದ್ದಲು ಫಾರಂ 8. ಹುಡುಗಿಯರು ಮೂರನ್ನೂ ಅಲ್ಲೇ ಕಟ್ಟೆ ಮೇಲೆ ಕೂತು ತುಂಬಿಸಿದರು. ಬೀದಿಯ ವಿಷಯಕ್ಕೆ ಬೇರೆಯಾಗಿ ಆಕ್ಷೇಪಣೆ ಬರೆದು, ನಕ್ಷೆಯ ಪ್ರತಿ ಲಗತ್ತಿಸಿ ತಾಲ್ಲೂಕು ಕಚೇರಿಗೆ ಕೊಟ್ಟೆವು. ಸ್ವೀಕೃತಿ ಸೀಲ್ ಹಾಕಿಸಿಕೊಂಡೆವು. ಬಲಗಡೆ ಮನೆಗಳು ಅಂತಿಮ ಪಟ್ಟಿಯಲ್ಲಿ ನಮ್ಮ ವಾರ್ಡಿಗೆ ಬಂದವು. ಆ ಮನೆಗಳಲ್ಲಿ ಎದುರು ಪಕ್ಷದ ಓಟೂ ಇತ್ತು ಅನ್ನೋದು ನಮಗೆ ಗೊತ್ತಿತ್ತು. ಒಬ್ಬ ಹುಡುಗ 'ನಮಗ್ಯಾಕೆ ಬೇಕು ಬಿಡಕ್ಕ' ಅಂದದ್ದಕ್ಕೆ ಅಕ್ಕ, 'ಅವ್ರ ಚರಂಡಿ ನಮ್ಮ ವಾರ್ಡಿಗೇ ಹರಿಯುತ್ತೆ ಕಣೋ, ಓಟು ಬೇರೆ ಕಡೆ ಹೋದ್ರೆ ಅವ್ರು ಯಾರನ್ನ ಕೇಳ್ಬೇಕು?' ಅಂದರು.

ಪಟ್ಟಿ ಹಿಡಿದು ಹೋದಾಗಲೇ ಇನ್ನೊಂದು ಕೆಲಸವೂ ಆಯಿತು. ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ: ನಿಮ್ಮ ಬೀದಿಯಲ್ಲಿ ಏನಾಗಬೇಕು? ಉತ್ತರಗಳನ್ನು ಒಂದು ಲಾಂಗ್ ಬುಕ್ಕಿನಲ್ಲಿ ಬೀದಿವಾರು ಬರೆದೆವು. ಆ ಬುಕ್ಕು ಚುನಾವಣೆಗಿಂತ ಆಮೇಲೆ ಜಾಸ್ತಿ ಕೆಲಸಕ್ಕೆ ಬಂತು.

ಗುರುತು

ನಾಮಪತ್ರದ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಸೂಚಕರು ಅದೇ ವಾರ್ಡಿನ ಮತದಾರರು ಬೇಕು. ಆಸ್ತಿ ಮತ್ತು ಕೇಸುಗಳ ಬಗ್ಗೆ ಅಫಿಡವಿಟ್ ಬೇಕು. ಪುರಸಭೆಗೆ ಕಂದಾಯ, ನೀರಿನ ಬಾಕಿ ಇಲ್ಲದ ಹಾಗೆ ನೋಡಿಕೊಳ್ಳುವುದು ಒಳ್ಳೆಯದು. ಎಲ್ಲ ರಸೀದಿ ಒಂದು ಫೈಲಿನಲ್ಲಿ ಇದ್ದದ್ದರಿಂದ ಪರಿಶೀಲನೆಯ ದಿನ ಏನೂ ತೊಂದರೆ ಆಗಲಿಲ್ಲ.

ತೊಂದರೆ ಬಂದದ್ದು ಗುರುತಿನಲ್ಲಿ. ಪಕ್ಷದವರ ಗುರುತು ಜನರಿಗೆ ವರ್ಷಗಳಿಂದ ಗೊತ್ತು. ಪಕ್ಷೇತರರಿಗೆ ನಾಮಪತ್ರ ವಾಪಸ್ ತೆಗೆಯುವ ದಿನ ಮುಗಿದ ಮೇಲೆ ಗುರುತು ಸಿಗುತ್ತದೆ. ಅಲ್ಲಿಂದ ಮತದಾನಕ್ಕೆ ಉಳಿಯುವುದು ಬೆರಳೆಣಿಕೆ ದಿನ. ಅಕ್ಕ ಹೊಲಿಗೆ ಯಂತ್ರ ಕೇಳಿದ್ದರು. ಇನ್ನೊಬ್ಬ ಪಕ್ಷೇತರ ಅಭ್ಯರ್ಥಿಯೂ ಅದನ್ನೇ ಕೇಳಿದರು. ಚೀಟಿ ಎತ್ತಿದರು. ಹೊಲಿಗೆ ಯಂತ್ರ ಅವರಿಗೆ ಹೋಯಿತು, ಅಕ್ಕನಿಗೆ ಟೀವಿ ಬಂತು. ಬೇಕಂತಲೇ ಯಾರೋ ನಿಲ್ಲಿಸಿದರು ಅಂತ ವಾರ್ಡಿನಲ್ಲಿ ಮಾತು ಹಬ್ಬಿತು. ಅದಕ್ಕೆ ಆಧಾರ ನಾನು ಕಂಡಿಲ್ಲ. ನಿಲ್ಲುವ ಹಕ್ಕು ಅವರಿಗೂ ಇತ್ತು.

ಆದರೆ ಅದರ ಪರಿಣಾಮ ನೋಡಿ. ವಾರ್ಡಿನ ಅಜ್ಜಿಯಂದಿರಿಗೆ ಅಕ್ಕ ಅಂದರೆ ಹೊಲಿಗೆ ಮೆಷಿನ್. ಮತಯಂತ್ರದ ಮುಂದೆ ನಿಂತಾಗ ಅಲ್ಲಿ ಹೊಲಿಗೆ ಮೆಷಿನ್ ಚಿತ್ರ ಇದೆ. ಕೈ ಎಲ್ಲಿಗೆ ಹೋಗುತ್ತದೆ? ಇದನ್ನು ಮೊದಲೇ ಊಹಿಸಿ ಸಂಘದ ಹೆಂಗಸರು ಮಾದರಿ ಮತಪತ್ರ ಹಿಡಿದು ಮನೆ ಮನೆಗೆ ಹೋಗಿ 'ಟೀವಿ ಕಣಜ್ಜಿ, ಮೆಷಿನ್ ಅಲ್ಲ' ಅಂತ ತೋರಿಸಿದರು. ಆ ಆಗಸ್ಟಿನ ಮಳೆ ಯಾರೂ ಮರೆತಿಲ್ಲ. ಪಕ್ಕದ ಕೊಡಗಿನಲ್ಲಿ ಗುಡ್ಡಗಳು ಕುಸಿದು ಅಲ್ಲಿನ ಪಟ್ಟಣ ಪಂಚಾಯಿತಿ ಚುನಾವಣೆಯನ್ನೇ ಮುಂದೂಡಿದ್ದರು. ನಮ್ಮಲ್ಲಿ ಕೊಡೆ ಹಿಡಿದೇ ಪ್ರಚಾರ. ಕರಪತ್ರ ಕೈಗೆ ಕೊಡುವಷ್ಟರಲ್ಲಿ ನೆನೆದು ಮುದ್ದೆಯಾಗುತ್ತಿತ್ತು.

ದುಡ್ಡು ಮತ್ತು ಆಣೆ

ಆ ಚುನಾವಣೆಯಲ್ಲಿ ಪುರಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ ಒಂದೂವರೆ ಲಕ್ಷ ರೂಪಾಯಿ. ನಾವು ಅದರ ಹತ್ತಿರಕ್ಕೂ ಹೋಗಲಿಲ್ಲ. ಕೊಟ್ಟವರಿಗೆಲ್ಲ ರಸೀದಿ ಕೊಟ್ಟೆವು. ದಿನದ ಖರ್ಚು ದಿನವೇ ಬರೆದೆವು. ಕರಪತ್ರದ ಕೆಳಗೆ ಮುದ್ರಕರ ಹೆಸರು, ಎಷ್ಟು ಪ್ರತಿ ಅನ್ನೋದು ಹಾಕಿಸಿದೆವು. ಫಲಿತಾಂಶ ಬಂದ ಮೇಲೆ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಸೋತವರು ಬೇಜಾರಿನಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟರೆ ಮುಂದೆ ನಿಲ್ಲುವ ಅರ್ಹತೆಗೇ ಪೆಟ್ಟು ಬೀಳಬಹುದು.

ಕೊನೆಯ ಎರಡು ರಾತ್ರಿ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಕವರು ಬಂತು, ಸೀರೆ ಬಂತು. ಕೆಲವು ಮನೆಗಳಲ್ಲಿ ಕೈಗೆ ತೆಂಗಿನಕಾಯಿ ಕೊಟ್ಟು ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಇಡಿಸಿಕೊಂಡರು. ಈ ಆಣೆ ಎಷ್ಟು ಭಾರ ಅನ್ನೋದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಧರ್ಮಸ್ಥಳದ ಆಣೆ ಅಂದರೆ ಗಂಡಸರೂ ನಡುಗುತ್ತಾರೆ.

ಮತದಾನದ ಹಿಂದಿನ ದಿನ ಸಂಘದ ಒಬ್ಬ ಹೆಂಗಸು ಅಳುತ್ತಾ ಅಕ್ಕನ ಮನೆಗೆ ಬಂದಳು. 'ಇಸ್ಕೊಂಡ್ಬಿಟ್ಟೆ ಅಕ್ಕ. ನಮ್ಮೆಜಮಾನ್ರು ಆಣೆನೂ ಇಟ್ರು. ನಾನೇನ್ ಮಾಡ್ಲಿ?' ಅಲ್ಲಿದ್ದವರಲ್ಲಿ ಒಬ್ಬರು, ದುಡ್ಡಿಗೆ ಇಡಿಸಿದ ಆಣೆ ದೇವರಿಗೆ ಮುಟ್ಟಲ್ಲ, ಧೈರ್ಯವಾಗಿ ಟೀವಿಗೆ ಒತ್ತು ಅಂತ ಹೇಳಲು ಹೊರಟರು. ಅಕ್ಕ ತಡೆದರು. 'ಆಣೆ ಇಟ್ಟಿದ್ರೆ ಮನಸ್ಸು ಕೆಡಿಸ್ಕೋಬೇಡ ಕಣಮ್ಮ. ನಿನ್ನ ಮನಸ್ಸಿಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು. ಸಂಘಕ್ಕೆ ಬರೋದು ಮಾತ್ರ ಬಿಡಬೇಡ' ಅಂದರು.

ಇದರ ಮೇಲೆ ಗುಂಪಿನಲ್ಲಿ ಆಮೇಲೆ ಬಹಳ ಚರ್ಚೆಯಾಯಿತು. ಒಂದು ಮಾತು ಹೇಳಿದ್ದರೆ ಎಷ್ಟು ಓಟು ತಿರುಗುತ್ತಿತ್ತೋ ಅಂತ ಹುಡುಗರು ಸಂಕಟಪಟ್ಟರು. ನನ್ನ ತೀರ್ಮಾನ ಹೇಳುತ್ತೇನೆ: ಅಕ್ಕ ಮಾಡಿದ್ದೇ ಸರಿ. ಆ ಹೆಂಗಸು ನಮ್ಮ ಮಾತು ಕೇಳಿ ಆಣೆ ಮುರಿದಿದ್ದರೆ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗೆಲ್ಲ ಒಬ್ಬಳೇ ಕೊರಗುತ್ತಿದ್ದಳು. ತಪ್ಪು ಮಾಡಿದ್ದು ಆಣೆ ಇಡಿಸಿದವರು. ಅದರ ಭಾರ ಅವಳ ತಲೆ ಮೇಲೆ ಹೊರಿಸುವುದು ನ್ಯಾಯವಲ್ಲ.

ಸೆಪ್ಟೆಂಬರ್ 3ರಂದು ಎಣಿಕೆ. ಅಕ್ಕ ಎರಡನೇ ಸ್ಥಾನದಲ್ಲಿದ್ದರು. ಅಂತರ ಕಡಿಮೆ. ಹೊಲಿಗೆ ಯಂತ್ರಕ್ಕೆ ಬಿದ್ದ ಓಟು ಆ ಅಂತರಕ್ಕಿಂತ ಜಾಸ್ತಿ ಇತ್ತು.

ಗೆದ್ದವರಿಗೂ ಅಧಿಕಾರ ಇಲ್ಲ

ಇಲ್ಲಿಂದ ಮುಂದಿನದು ಯಾರೂ ನಿರೀಕ್ಷಿಸದೇ ಇದ್ದದ್ದು. ಚುನಾವಣೆ ಏನೋ ಮುಗಿಯಿತು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟು ಮೆಟ್ಟಿಲು ಹತ್ತಿತು. ನಮ್ಮ ಊರೊಂದೇ ಅಲ್ಲ, ಅವತ್ತು ಚುನಾವಣೆ ನಡೆದ ಬಹಳಷ್ಟು ಊರುಗಳಲ್ಲಿ 2020ರ ಕೊನೆಯವರೆಗೂ ಅಧ್ಯಕ್ಷರ ಆಯ್ಕೆಯೇ ಆಗಲಿಲ್ಲ. ಎರಡು ವರ್ಷ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯದ್ದೇ ಆಡಳಿತ. ಗೆದ್ದ ಮೆಂಬರುಗಳು ಹೆಸರಿಗೆ ಮೆಂಬರು, ಕೂರಲು ಸಭೆ ಇಲ್ಲ. ಜನ ಚರಂಡಿ ಕಟ್ಟಿದೆ ಅಂತ ಅವರ ಮನೆಗೆ ಹೋದರೆ ಪಾಪ ಅವರೂ ಕೈ ಚೆಲ್ಲುತ್ತಿದ್ದರು.

ಅಕ್ಕ ಲಾಂಗ್ ಬುಕ್ ತೆಗೆದರು. ಬುಕ್ಕಿನಲ್ಲಿದ್ದ ಕೆಲಸಗಳನ್ನು ಮೂರು ಗುಂಪು ಮಾಡಿದೆವು: ದುಡ್ಡೇ ಬೇಡದವು, ಸ್ವಲ್ಪ ದುಡ್ಡು ಸಾಕಾದವು, ಪುರಸಭೆಯ ವರ್ಷದ ಕ್ರಿಯಾ ಯೋಜನೆಗೆ ಸೇರಬೇಕಾದ ದೊಡ್ಡವು. ದುಡ್ಡು ಬೇಡದ ಕೆಲಸ ಎಷ್ಟಿರುತ್ತದೆ ಅಂತ ಹೀಗೆ ಬರೆದು ನೋಡಿದಾಗಲೇ ಗೊತ್ತಾಗುವುದು. ಕಸದ ಗಾಡಿ ಕೆಳಗಿನ ಬೀದಿಗೆ ಬರುವ ಹೊತ್ತಿಗೆ ಹೆಂಗಸರೆಲ್ಲ ಕಾಫಿ ತೋಟದ ಕೆಲಸಕ್ಕೆ ಜೀಪು ಹತ್ತಿ ಹೋಗಿರುತ್ತಿದ್ದರು. ಗಾಡಿಯ ದಾರಿ ಉಲ್ಟಾ ಮಾಡಿದರೆ ಸಾಕಾಗಿತ್ತು. ಪೌರಕಾರ್ಮಿಕರ ಜೊತೆ, ಹೆಲ್ತ್ ಇನ್ಸ್‌ಪೆಕ್ಟರ್ ಜೊತೆ ಮಾತಾಡಿ ಅದನ್ನು ಮಾಡಿಸಿದರು. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತೇವೆ ಅಂತ ಸಂಘದವರು ಮಾತು ಕೊಟ್ಟರು, ಹೆಚ್ಚಿನ ಮನೆಯವರು ಕೊಡುತ್ತಲೂ ಇದ್ದಾರೆ.

ಬೀದಿ ದೀಪದ ವಿಷಯಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಿರ್ವಹಣೆ ಯಾರದು, ಕೆಟ್ಟ ದೀಪ ಎಷ್ಟು ದಿನದಲ್ಲಿ ಸರಿ ಮಾಡಬೇಕು ಅಂತ ಅಷ್ಟೇ ಕೇಳಿದ್ದು. ಉತ್ತರ ಬರುವ ಮೊದಲೇ ದೀಪ ಹತ್ತಿದವು.

ಕಾಲೋನಿಯ ಕೆಲಸ ಇದಕ್ಕಿಂತ ಗಟ್ಟಿಯಾದದ್ದು. ಪರಿಶಿಷ್ಟ ಜಾತಿ, ಪಂಗಡದವರ ಅಭಿವೃದ್ಧಿಗೆ ಪುರಸಭೆ ಶೇ. 24.10 ಹಣ ಎತ್ತಿಡಬೇಕು. ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಅಂತ ಇದೆ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಈ ಅಂಕಿ ಇರುತ್ತದೆ. ಕಾಲೋನಿಯವರಿಗೆ ಮಾತ್ರ ಗೊತ್ತಿರಲಿಲ್ಲ. ಅಕ್ಕ ಮತ್ತು ಕಾಲೋನಿಯ ಇಬ್ಬರು ಹೆಂಗಸರು ಆಡಳಿತಾಧಿಕಾರಿಯ ಮುಂದೆ ಕೂತು, ಈ ಹಣದಲ್ಲಿ ನಮ್ಮ ಮನೆಗಳಿಗೆ ನಲ್ಲಿ ಹಾಕಿಸಿಕೊಡಿ ಅಂತ ಮನವಿ ಕೊಟ್ಟರು. ಪಟ್ಟಿಯಲ್ಲಿ ಮನೆ ನಂಬರ್ ಸಮೇತ ಎಲ್ಲ ಇದ್ದದ್ದರಿಂದ ಕಿರಿಯ ಎಂಜಿನಿಯರಿಗೆ ಅಂದಾಜು ಪಟ್ಟಿ ಮಾಡುವುದು ಸುಲಭವಾಯಿತು. ತಡವಾಗಿಯಾದರೂ ನಲ್ಲಿ ಬಂತು.

ಗೆದ್ದವರ ಜೊತೆ ಸಂಬಂಧ ಹೇಗಿತ್ತು ಅಂತ ಕೇಳುವವರಿಗೆ ಒಂದು ಸಂಗತಿ. ಎಣಿಕೆ ಮುಗಿದ ಕೆಲವೇ ದಿನಕ್ಕೆ ಅಕ್ಕ ಹೂವು, ಹಣ್ಣು ಹಿಡಿದು ಗೆದ್ದ ಹೆಣ್ಣುಮಗಳ ಮನೆಗೆ ಹೋದರು. ಬುಕ್ಕಿನ ಜೆರಾಕ್ಸ್ ಪ್ರತಿಯೂ ಕೈಯಲ್ಲಿತ್ತು. ಬಾಗಿಲಲ್ಲಿ ಅವರ ಯಜಮಾನರು 'ಕೊಡಿ ಅಕ್ಕ, ನಾನು ನೋಡ್ತೀನಿ' ಅಂತ ಕೈ ಚಾಚಿದರು. ಅಕ್ಕ ನಗುತ್ತಲೇ 'ನಿಮ್ಮನೆಯವ್ರನ್ನೇ ಕರೀರಿ ಅಣ್ಣ, ಮೆಂಬರ್ ಅವ್ರಲ್ವಾ' ಅಂದರು. ಆಕೆ ಒಳಗಿನಿಂದ ಬಂದು ತೆಗೆದುಕೊಂಡರು. 2020ರ ಕೊನೆಯಲ್ಲಿ ಕೌನ್ಸಿಲ್ ಕೂತ ಮೇಲೆ ಆಕೆ ಆ ಪ್ರತಿಯಿಂದಲೇ ರಾಜಕಾಲುವೆಯ ತಡೆಗೋಡೆ ವಿಷಯ ಎತ್ತಿದರು. ಕೇಂದ್ರದ 15ನೇ ಹಣಕಾಸು ಆಯೋಗದ ಹಣದಲ್ಲಿ ದೊಡ್ಡ ಪಾಲು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದರಲ್ಲಿ ಏನು ಕೇಳಬಹುದು ಅಂತ ಸಭೆಗೆ ಹೋಗುವ ಮೊದಲು ಅಕ್ಕನ ಜೊತೆ ಕೂತು ಓದಿಕೊಂಡು ಹೋದರು. ಮೊದಮೊದಲು ಗಂಡ ಜೊತೆಯಲ್ಲಿ ಬರುತ್ತಿದ್ದರು. ಆಮೇಲೆ ಆಕೆ ಒಬ್ಬರೇ ಹೋಗುತ್ತಿದ್ದರು. ಎದುರಾಳಿಯನ್ನು ಮೆಂಬರ್ ಮಾಡಿದ್ದು ವಾರ್ಡಿನ ಓಟು. ಮೆಂಬರ್ ಕೆಲಸ ಮಾಡುವ ಧೈರ್ಯ ಬಂದದ್ದರಲ್ಲಿ ಅಕ್ಕನ ಪಾಲೂ ಇದೆ ಅಂತ ನಾನು ನಂಬಿದ್ದೇನೆ.

ಈಗ ಎಲ್ಲಿದ್ದೇವೆ

ಅಧ್ಯಕ್ಷರ ಮೊದಲ ಎರಡೂವರೆ ವರ್ಷ 2023ರಲ್ಲಿ ಮುಗಿದಾಗ ಮತ್ತೆ ಅದೇ ಕಥೆ. ಎರಡನೇ ಅವಧಿಯ ಮೀಸಲಾತಿ ಹೊರಬಂದದ್ದು 2024ರ ಆಗಸ್ಟಿನಲ್ಲಿ. ನಡುವೆ ಒಂದು ವರ್ಷಕ್ಕೂ ಮೇಲೆ ಮತ್ತೆ ಆಡಳಿತಾಧಿಕಾರಿ. ಒಳ್ಳೆಯ ಅಭ್ಯರ್ಥಿಯನ್ನು ಗೆಲ್ಲಿಸಿದರೆ ಸಾಕು ಅಂತ ಕೂತಿದ್ದರೆ ಈ ಖಾಲಿ ವರ್ಷಗಳಲ್ಲಿ ವಾರ್ಡಿಗೆ ಯಾರೂ ದಿಕ್ಕಿರುತ್ತಿರಲಿಲ್ಲ.

ಮುಂದಿನ ಚುನಾವಣೆಗೆ ವಾರ್ಡಿನ ಮೀಸಲಾತಿ ಬದಲಾಗಬಹುದು. ಸಾಮಾನ್ಯ ಆದರೂ ನಿಲ್ಲುತ್ತೇನೆ ಅಂತ ಅಕ್ಕ ಹೇಳಿದ್ದಾರೆ. ಸಾಮಾನ್ಯ ಸ್ಥಾನದಲ್ಲಿ ಹೆಂಗಸರು ನಿಲ್ಲಬಾರದು ಅಂತ ಎಲ್ಲೂ ಇಲ್ಲವಲ್ಲ. ಬೇರೆ ವರ್ಗಕ್ಕೆ ಹೋದರೆ, ಕಾಲೋನಿಯಿಂದ ನಲ್ಲಿ ಮನವಿಗೆ ಬಂದಿದ್ದ ಇಬ್ಬರಲ್ಲಿ ಒಬ್ಬರು ತಯಾರಿದ್ದಾರೆ. ಆಗ ಅಕ್ಕ ಸೂಚಕರಾಗುತ್ತಾರೆ. ಗುರುತಿನ ಅರ್ಜಿಯಲ್ಲಿ ಹೊಲಿಗೆ ಯಂತ್ರ ಮೊದಲು ಬರೆಯುವುದು ಬೇಡ, ಯಾವುದು ಬಂದರೂ ಮೊದಲ ದಿನದಿಂದಲೇ ಅದನ್ನು ಮನೆ ಮನೆಗೆ ತೋರಿಸೋಣ ಅಂತ ಮಾತಾಗಿದೆ. ಆಗ ಪಟ್ಟಿ ಹಿಡಿದು ಓಡಾಡಿದ ಹುಡುಗಿಯರಲ್ಲಿ ಒಬ್ಬಳು ಮದುವೆಯಾಗಿ ಪಕ್ಕದ ವಾರ್ಡಿಗೆ ಹೋಗಿದ್ದಾಳೆ. ಹೋದ ವಾರ ಅಂಗಡಿಗೆ ಬಂದು ವಿಳಾಸ ಬದಲಾಯಿಸಲು ಫಾರಂ 8 ಕೇಳಿ ತೆಗೆದುಕೊಂಡು ಹೋದಳು. ಜೊತೆಗೆ ಅಲ್ಲಿನ ಸೊಸೆಯಂದಿರಿಗೆ ಅಂತ ಒಂದು ಕಟ್ಟು ಫಾರಂ ಕೂಡ.